ಘಟ್ಟದಪ್ಪನಿಗೆ ಕೊಟ್ಟ ಮಾತು

ಮೇ ಲಾನ್ ಪೇಟೆ
ಆಗಸ್ಟ್ ೨೫, ಭಾನುವಾರ ಮಧ್ಯಾಹ್ನ

ಪೂಜ್ಯರ ಪಾದಗಳಿಗೆ ಬುವಾಖಾಮ್ ಮೂರು ಸಲ ನೆಲಕ್ಕೆ ಹಣೆ ಹಚ್ಚಿ ಮಾಡುವ ನಮಸ್ಕಾರಗಳು.

ಮೊದಲು ‘ರೀ’ ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಗೀಚು ನೋಡಿ ನಗಬೇಡಿ. ಮದುವೆಯಾದಾಗಿನಿಂದ ಜಗಳವಾಡಿಕೊಂಡು ಬಾಳಿದ ಗಂಡನನ್ನು ಒಂದು ಮಳೆಗಾಲದ ಮಟ್ಟಿಗೆ ಪೂಜ್ಯರೇ ಎನ್ನುವುದು ಸುಲಭವೇ? ತಲೆ ಬೋಳಿಸಿದ್ದನ್ನು ಹೇಗೋ ಸಹಿಸಿದೆ, ಹುಬ್ಬನ್ನೂ ಬೋಳಿಸಿದ ಮೇಲೆ ನಿಮ್ಮ ಮುಖ ನನಗೇ ಗುರುತು ಸಿಗಲಿಲ್ಲ. ಹೊಟ್ಟೆಯ ಉರಿ ಹೇಗಿದೆ? ಮಧ್ಯಾಹ್ನದ ಮೇಲೆ ಅನ್ನ ಮುಟ್ಟಬಾರದು ಎಂಬುದು ವಿಹಾರದ ನಿಯಮ, ಸರಿ. ನಿಮ್ಮ ಹೊಟ್ಟೆಗೂ ಆ ನಿಯಮ ಗೊತ್ತಿರಬೇಕಲ್ಲ! ಮಲಗುವ ಮುಂಚೆ ಬಿಸಿನೀರಾದರೂ ಕುಡಿಯಿರಿ. ಅಂಗಡಿ ಹೇಗೋ ನಡೆಯುತ್ತಿದೆ. ನೂಡಲ್ಸಿನ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಗಿರಾಕಿಗಳು ಮೂತಿ ತಿರುವುತ್ತಾರೆ. “ನಿನ್ನ ಗಂಡ ಬರ್ಲಿ ತಾಳು, ಆಮೇಲೆ ಹೊಟ್ಟೆ ತುಂಬ ತಿಂತೀವಿ” ಎನ್ನುತ್ತಾರೆ, ಮುಖದ ಮೇಲೆಯೇ. ಮೊನ್ನೆ ನಿಮ್ಮ ನೀಲಿ ಅಂಗಿಯನ್ನು ಒಗೆದು ಇಸ್ತ್ರಿ ಮಾಡಿಟ್ಟೆ. ಮಳೆಗಾಲ ಮುಗಿಯುವುದಕ್ಕೆ ಇನ್ನೂ ಸಮಯವಿದೆ, ಗೊತ್ತು. ಕೈ ಸುಮ್ಮನಿರಲಿಲ್ಲ, ಅಷ್ಟೆ.

ಮೇಲೆ ಊರಿನ ಹೆಸರು ನೋಡಿಯೇ ನಿಮ್ಮ ಎದೆ ಧಸಕ್ ಎಂದಿರಬೇಕು. ಹೌದು, ಅದೇ ಮೇ ಲಾನ್. ಹೋದ ವರ್ಷ ನಮ್ಮ ಖಿಂಗ್ ಸೈಕಲ್ಲಿನಿಂದ ಬಿದ್ದ ಊರು. ಮಗಳು ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾಗ ನೀವು ಘಟ್ಟದ ನೆತ್ತಿಯ ಗುಡಿಗೆ ಓಡಿದಿರಿ. ‘ಘಟ್ಟದಪ್ಪಾ, ಇವಳನ್ನು ಉಳಿಸಿಕೊಡು, ಒಂದು ಮಳೆಗಾಲ ಭಿಕ್ಷುವಾಗಿ ಹರಕೆ ತೀರಿಸುತ್ತೇನೆ’ ಎಂದಿರಿ. ಅವಳು ಕಣ್ಣು ಬಿಟ್ಟಳು, ನೀವು ಕಾವಿ ಉಟ್ಟಿರಿ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಶುಕ್ರವಾರ ಊಟಕ್ಕೆ ಕೂತವಳು, “ಅಮ್ಮಾ, ಶನಿವಾರ ಭಾನುವಾರ ಮೇ ಲಾನ್‌ಗೆ ಹೋಗ್ತೀನಿ. ಆ ಇಳಿಜಾರನ್ನ ಇಳೀಬೇಕು” ಎಂದಳು. ಹುಚ್ಚು ಹಿಡಿದಿದೆಯೇನೇ ಎಂದೆ, ಬೈದೆ, ಅತ್ತೆ. ಅವಳು ತಟ್ಟೆ ನೋಡುತ್ತಾ, “ಇಳೀದೇ ಇದ್ರೆ ಕನಸಲ್ಲಿ ದಿನಾ ಬೀಳ್ತಾನೇ ಇರ್ತೀನಮ್ಮಾ” ಎಂದಳು. ನಾನೂ ಬರುತ್ತೇನೆ ಎಂದು ಹಟ ಹಿಡಿದು ನಿಮ್ಮ ತಮ್ಮ ಮುನ್‌ನ ಪಿಕಪ್ ಹತ್ತಿದೆ. ನಿಮ್ಮನ್ನು ಕೇಳಲಿಲ್ಲ, ಕೋಪ ಮಾಡಿಕೊಳ್ಳಬೇಡಿ. ಭಿಕ್ಷುಗಳಿಗೆ ಕೋಪ ಸಲ್ಲದಂತೆ, ಅದೊಂದು ಅನುಕೂಲ.

ಊರಿನ ಮೇಲೆ ನನಗೆ ಸಿಟ್ಟಿಲ್ಲ. ಲಾರಿಗಳನ್ನು ಪೇಟೆಯೊಳಗೆ ಬಿಡುವುದಿಲ್ಲ, ಅಂಗಡಿ ಅಂಗಡಿಯ ಮುಂದೆಯೂ ಸೈಕಲ್ ನಿಲ್ಲಿಸಲು ಕಬ್ಬಿಣದ ಕಂಬಿ, ಹಣ್ಣುಹಣ್ಣು ಮುದುಕಿಯರು ಒಂದು ಕೈಯಲ್ಲಿ ಕೊಡೆ ಹಿಡಿದುಕೊಂಡು ಸಂತೆಗೆ ತುಳಿದುಕೊಂಡು ಹೋಗುತ್ತಾರೆ. ಅದನ್ನು ನೋಡುವುದಕ್ಕೂ ನನಗೆ ಎದೆ ಬೇಕು. ವಸತಿಗೃಹದ ಯಜಮಾನಿ ನನ್ನ ಮುಖ ನೋಡಿ, “ಮಗಳು ತುಳಿಯೋಕೆ ಬಂದಿದಾಳೆ, ನೀನೇನು ಅಳೋಕೆ ಬಂದಿದೀಯಾ?” ಎಂದಳು. ಬಾಯಿ ಜೋರು, ಆದರೆ ಮನಸ್ಸು ಒಳ್ಳೆಯದು. ಅಂಟು ಅಕ್ಕಿಯ ಅನ್ನ, ಮೆಣಸಿನಕಾಯಿ ಗೊಜ್ಜು ಕೊಟ್ಟು ಪಕ್ಕದಲ್ಲೇ ಕೂತು ಊರಿನ ಕಥೆ ಹೇಳಿದಳು. ಯಾವನೋ ಒಬ್ಬ ಘಟ್ಟದಪ್ಪನಿಗೆ ಹಂದಿಯ ತಲೆ ಒಪ್ಪಿಸುತ್ತೇನೆಂದು ಹರಕೆ ಹೊತ್ತು, ಕೆಲಸವಾದ ಮೇಲೆ ಕೋಳಿ ಕೊಟ್ಟು ಕೈತೊಳೆದುಕೊಂಡನಂತೆ. ಅದೇ ತಿಂಗಳು ಅವನ ಗಾಡಿ ಕಣಿವೆಗೆ ಬಿತ್ತಂತೆ. “ಘಟ್ಟದಪ್ಪ ಕೇಳಿ ತಗೊಳಲ್ಲ ಕಣೇ, ಕೊಡ್ತೀನಿ ಅಂದದ್ದನ್ನ ಮಾತ್ರ ಬಿಡಲ್ಲ” ಎಂದಳು. ನಾನು ತಟ್ಟೆ ಸರಿಸಿ ಎದ್ದೆ.

ಇವತ್ತು ಬೆಳಗ್ಗೆ ಸೈಕಲ್ಲನ್ನು ಪಿಕಪ್ಪಿಗೆ ಹಾಕಿಕೊಂಡು ಘಟ್ಟದ ನೆತ್ತಿಗೆ ಹೋದೆವು. ಗುಡಿಯ ಮುಂದೆ ಹರಕೆಯ ಮರದ ಆನೆಗಳು, ದೇವರು ಕುಡಿಯಲೆಂದು ಸ್ಟ್ರಾ ಸಿಕ್ಕಿಸಿಟ್ಟ ಕೆಂಪು ಸೋಡಾ ಬಾಟಲಿಗಳು, ಎಲ್ಲ ನೀವು ನೋಡಿದ ಹಾಗೆಯೇ ಇವೆ. ಖಿಂಗ್ ಕೈಮುಗಿದು, ಮೂರು ಸಲ ಗಂಟೆ ಬಾರಿಸಿ, “ಚಿಕ್ಕಪ್ಪಾ, ನನ್ನ ಹಿಂದೆ ದೂರದಲ್ಲೇ ಬನ್ನಿ, ಅಮ್ಮನ ಬಾಯಿ ಮುಚ್ಚಿಸಿ” ಎಂದು ಹೊರಟೇಬಿಟ್ಟಳು. ರಸ್ತೆಯೆಲ್ಲ ಒದ್ದೆ, ಸುತ್ತ ಹಾಲು ಚೆಲ್ಲಿದಂಥ ಮಂಜು. ಅವಳ ಹಳದಿ ಮಳೆಯಂಗಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ನಾನು ಸೀಟಿನ ಅಂಚು ಹಿಡಿದು ಬುದ್ಧ ಬುದ್ಧ ಎನ್ನುತ್ತಿದ್ದೆ. ಹೋದ ವರ್ಷ ಅವಳು ಬಿದ್ದ ತಿರುವಿಗೆ ಸ್ವಲ್ಪ ಮುಂಚೆ, ನನ್ನ ಕರ್ಮಕ್ಕೆ, ಎಮ್ಮೆಗಳ ಹಿಂಡು ರಸ್ತೆಗೆ ಅಡ್ಡ ಬಂತು. ಮುನ್ ಎಷ್ಟು ಹಾರ್ನ್ ಹೊಡೆದರೂ ಅವು ಕದಲಲಿಲ್ಲ. ಅಷ್ಟರಲ್ಲಿ ಮುಂದೆ ಮಂಜಿನೊಳಗೆ ಕಬ್ಬಿಣ ರಸ್ತೆಗೆ ಉಜ್ಜಿದ ಸದ್ದು. ನಾನು ಬಾಗಿಲು ತೆಗೆದು ಎಮ್ಮೆಗಳ ನಡುವೆಯೇ ನುಗ್ಗಿ ಓಡಿದೆ. ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ತಿರುವಿನಲ್ಲಿ ಸೈಕಲ್ ಬಿದ್ದಿತ್ತು. ಅವಳಿರಲಿಲ್ಲ. ಆಚೆಗೆ ಕಣಿವೆ. ಕೂಗಿದೆ, ಉತ್ತರವಿಲ್ಲ. ಘಟ್ಟದ ಕಡೆ ಮುಖ ಮಾಡಿ ಕೆಸರಿನಲ್ಲಿ ಮಂಡಿಯೂರಿ, ಬಾಯಿಗೆ ಬಂದ ಹರಕೆ ಹೊತ್ತುಬಿಟ್ಟೆ.

ಆಗ ಬಿದಿರಿನ ಮೆಳೆ ಅಲುಗಾಡಿತು. ನಿಮ್ಮ ಮಗಳು ಸೊಂಟದ ದಾರ ಕಟ್ಟಿಕೊಳ್ಳುತ್ತಾ ಹೊರಗೆ ಬಂದಳು. “ಏನಮ್ಮಾ ಹಾಗೆ ಕಿರುಚ್ತೀಯಾ? ಉಚ್ಚೆ ಹೊಯ್ಯೋಕೂ ಬಿಡಲ್ವಾ?” ಕೆನ್ನೆಗೊಂದು ಬಾರಿಸಿದೆ. ಆಮೇಲೆ ತಬ್ಬಿಕೊಂಡೆ. ತಬ್ಬಿಕೊಂಡಾಗ ಗೊತ್ತಾಯಿತು, ಅವಳೂ ಗಡಗಡ ನಡುಗುತ್ತಿದ್ದಳು. ಆ ತಿರುವು ಕಂಡದ್ದೇ ಭಯಕ್ಕೆ ಉಚ್ಚೆ ತಡೆಯಲಾಗದೆ, ಸೈಕಲ್ಲನ್ನು ಎಸೆದು ಮೆಳೆಗೆ ಓಡಿದ್ದಳಂತೆ. ಸ್ವಲ್ಪ ಹೊತ್ತು ಇಬ್ಬರೂ ಕೆಸರಲ್ಲೇ ಕೂತಿದ್ದೆವು. ಆಮೇಲೆ ಅವಳು ಎದ್ದು, ಕಣ್ಣೊರೆಸಿಕೊಂಡು, ಉಳಿದ ದಾರಿಯನ್ನು ಇಳಿದಳು. ಪೇಟೆ ಮುಟ್ಟಿದಾಗ ಎರಡೂ ಕೈ ಮೇಲೆತ್ತಿ ನಕ್ಕಳು ನೋಡಿ, ಬಿದ್ದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಈಗ ಎದುರಿಗೇ ಕೂತು ಎರಡನೇ ಬಟ್ಟಲು ನೂಡಲ್ಸ್ ತಿನ್ನುತ್ತಿದ್ದಾಳೆ. ಸಾರು ನಿಮ್ಮ ಕೈಯದರ ಹತ್ತಿರಕ್ಕೂ ಬರುವುದಿಲ್ಲವಂತೆ. ಡಿಸೆಂಬರಿನಲ್ಲಿ ಇಲ್ಲಿ ಪಂದ್ಯವಿದೆ, ಅದೇ ಇಳಿಜಾರು, ಹೆಸರು ಕೊಟ್ಟೂ ಬಂದಿದ್ದಾಳೆ.

ಹೆಂಗಸಿನ ಕೈಯಿಂದ ನೀವು ನೇರ ತೆಗೆದುಕೊಳ್ಳುವಂತಿಲ್ಲ, ಅದಕ್ಕೇ ಕಾಗದವನ್ನು ಮುನ್ ತರುತ್ತಾನೆ. ದೊಡ್ಡ ಗುರುಗಳಿಗೆ ನನ್ನ ನಮಸ್ಕಾರ ಮುಟ್ಟಿಸಿ. ನೀವು ಗಳಿಸಿದ ಪುಣ್ಯದಲ್ಲಿ ಒಂದು ಪಾಲು ಮಗಳ ತಲೆಯ ಮೇಲಿರಲಿ.

ನಿಮ್ಮ (ಹೀಗೆ ಬರೆಯಬಹುದೋ ಬಾರದೋ)
ಬುವಾಖಾಮ್

ಮತ್ತೆ: ಆ ಹರಕೆ ಏನೆಂದು ಬರೆಯದೆ ಕಾಗದ ಮಡಿಸಿದ್ದೆ, ಮುನ್ ಗಾಡಿ ಶುರು ಮಾಡಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಹೋದ ಸಲ ನೀವು ಒಂದು ಮಳೆಗಾಲ ಕೊಟ್ಟಿದ್ದಿರಿ. ಈ ಸಲ ಅದಕ್ಕಿಂತ ಕಡಿಮೆ ಕೊಟ್ಟರೆ ಘಟ್ಟದಪ್ಪ ಒಪ್ಪುತ್ತಾನೆಯೇ ಎನಿಸಿತು. ‘ನನ್ನ ಮಗಳನ್ನು ಕೊಡು, ಅವಳಪ್ಪ ಸಾಯುವವರೆಗೂ ಕಾವಿ ಬಿಚ್ಚುವುದಿಲ್ಲ’ ಎಂದುಬಿಟ್ಟೆ. ಹಿಂದೆ ಓಡಿಬಂದ ಮುನ್ ಕೇಳಿಸಿಕೊಂಡ. “ಅಯ್ಯೋ ಅತ್ತಿಗೇ, ಅಣ್ಣನ್ನ ಒಂದು ಮಾತು ಕೇಳಬಾರದಿತ್ತಾ?” ಎಂದು ತಲೆ ಚಚ್ಚಿಕೊಂಡ. ಅವಳು ಮೆಳೆಯ ಹಿಂದೆ ಸುಖವಾಗಿಯೇ ಇದ್ದಳು, ನಿಜ, ಆದರೆ ಹೇಳಿದ ಮಾತು ಹೇಳಿದ್ದೇ ಅಲ್ಲವೇ? ಖಿಂಗ್‌ಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಹೆಂಡತಿ ಗಂಡನನ್ನು ಹೀಗೆ ಕೊಟ್ಟುಬಿಡಬಹುದೇ ಎಂದು ದೊಡ್ಡ ಗುರುಗಳನ್ನು ಕೇಳಿ. ಕೊಡಲಾಗದು ಎಂದು ಅವರು ಹೇಳಿದರೂ, ಡಿಸೆಂಬರಿನಲ್ಲಿ ಅವಳು ಇಳಿದು ಬರುವವರೆಗೆ ಕಾವಿ ಬಿಚ್ಚಿ ಮನೆಗೆ ಬರಬೇಡಿ. ಕೊಡಬಹುದು ಎಂದರೆ ನೀಲಿ ಅಂಗಿಯನ್ನು ಏನು ಮಾಡಲಿ, ತಿಳಿಸಿ. ನನಗೆ ತುಂಬಾ ಹೆದರಿಕೆಯಾಗುತ್ತಿದೆ, ರೀ. ಇದನ್ನು ಮಾತ್ರ ಹೊಡೆದುಹಾಕುವುದಿಲ್ಲ.