ಅಪ್ಪ ತಪ್ಪಿ ಹಾಕಿದ ಕೊನೆಯ ರೀಲು

ಕುರುಗೋಡು, ನವೆಂಬರ್ 12, ಮಂಗಳವಾರ

ಅವ್ವನನ್ನು ಮಣ್ಣು ಮಾಡಿ ಬಂದೆವು. ಅಪ್ಪನ ಮಾತು ತಲೆಯಿಂದ ಹೋಗುತ್ತಿಲ್ಲ.

ಸಿರುಗುಪ್ಪದ ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದ ಅಪ್ಪ ಒಮ್ಮೆ ಹೊಡೆದಾಟದ ತೆಲುಗು ಸಿನಿಮಾಕ್ಕೆ ಭಕ್ತಿ ಸಿನಿಮಾದ ಕೊನೆಯ ರೀಲು ಹಾಕಿಬಿಟ್ಟಿದ್ದ. ಹೆಣಗಳು ಬಿದ್ದ ಬೆನ್ನಿಗೇ ಶಿವ ಬಂದು ಸತ್ತವರನ್ನು ಎಬ್ಬಿಸಿದ. ಜನ ಶಿಳ್ಳೆ ಹೊಡೆದರಂತೆ. ಆ ಕೂಡುಸಿನಿಮಾವನ್ನು ಮನಸ್ಸಿನಲ್ಲೇ ಎಷ್ಟು ಸಲ ನೋಡಿದ್ದೇನೋ.

ಬೆಳಿಗ್ಗೆ ಅವ್ವನಿಗೆ ವಿಭೂತಿ ಹಚ್ಚಿ, ಹೂ ಮುಡಿಸಿ, ಗೋಡೆಗೆ ಒರಗಿಸಿ ಕೂಡಿಸಿದ್ದೆವು. ಅಪ್ಪ ನನ್ನ ಕೈ ಹಿಡಿದ.

"ಗಂಗೋತ್ರಿ, ಅಳಬ್ಯಾಡ. ಇದು ಆ ರೀಲೇ ಐತಿ. ಈಗ ಏಳ್ತಾಳ, ನೋಡು."

ಮರೆವು ಹತ್ತಿದ ಮುದುಕನ ಮಾತು. ಆದರೂ ಹೊರಲು ಬಂದವರನ್ನು ತಡೆದೆ. ಅವನ ಜೊತೆ ನಾನೂ ಕಾದೆ.

ಏಳಲಿಲ್ಲ.

ಅಪ್ಪ ನೆರೆದವರಿಗೆಲ್ಲ ಕೈ ಮುಗಿದ. "ಕರೆಂಟ್ ಹೋಗೈತಿ. ಯಾರೂ ಎದ್ದು ಹೋಗಬ್ಯಾಡ್ರಿ."