ಒಂದು ಹೂಂ ಬರೆದಿಡು

ನಾಗವೇಣಿ,

ನೈಟ್ ಡ್ಯೂಟಿ ಮುಗಿಸಿ ಬಂದವಳು ಮೊದಲು ಉಣ್ಣು, ಆಮೇಲೆ ಮಲಗು. ರೊಟ್ಟಿ ಡಬ್ಬಿಯಲ್ಲಿದೆ. ಮಾಡಿದವನು ನಿನ್ನ ಅಣ್ಣ. ವಾಸನೆಗೆ ಅರ್ಧ ಶಿಕಾರಿಪುರ ಬಾಗಿಲಿಗೆ ಬಂದಿತ್ತು, ಓಡಿಸಿದ್ದಾನೆ.

ಮೊಳೆಗೆ ತೂಗುಹಾಕಿರುವುದು ಹಾವಲ್ಲ, ಕವಣೆ. ದೀಪಾವಳಿ ಬಂತೆಂದರೆ ಸೊರಬದ ಹೊಲದಲ್ಲಿ ಕೂತು ಅಜ್ಜ ಕುರಿ ಉಣ್ಣೆಯಲ್ಲಿ ನಿನಗೆ ಹೆಣೆದು ಕೊಡುತ್ತಿದ್ದನಲ್ಲ, ಅಂಥದ್ದೇ. ಈ ಸಲ ಅಣ್ಣ ಹೆಣೆದಿದ್ದಾನೆ, ಅಜ್ಜನಿಗಿಂತ ನೂರು ಪಾಲು ಚೆನ್ನಾಗಿ. ಎರಡು ಕಡೆ ಸಡಿಲ ಕಂಡರೆ ಅದು ಡಿಸೈನು. ಇಂಥದ್ದರಲ್ಲೇ ಅವನು ಒಂದೇ ಕಲ್ಲಿಗೆ ನಲವತ್ತು ಗಿಳಿ ಓಡಿಸಿದ್ದು. ನೀನು ನಾಲ್ಕೇ ಅಂತೀಯ, ಗೊತ್ತು.

ನಾವು ಹೂಂಗುಟ್ಟದಿದ್ದರೆ ಅಜ್ಜ ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದ, ನೆನಪಿದೆಯಾ? ಈಗ ನೀನು ಮನೆಗೆ ಬರುವಾಗ ಅಣ್ಣ ಶಿರಾಳಕೊಪ್ಪದ ಬಸ್ಸಿನಲ್ಲಿ, ಅವನು ಬರುವಾಗ ನೀನು ಡ್ಯೂಟಿಯಲ್ಲಿ. ಹದಿನೆಂಟು ದಿನದಿಂದ ಅವನು ಗೋಡೆಗೆ ಸುಳ್ಳು ಹೇಳುತ್ತಿದ್ದಾನೆ. ಗೋಡೆ ಎಲ್ಲವನ್ನೂ ನಂಬಿಬಿಡುತ್ತದೆ ಮಾರಾಯ್ತಿ, ರುಚಿಯೇ ಇಲ್ಲ.

ಹಾಲು ಕಾಯಿಸಿಡು, ಒಡೆದೀತು. ಈ ಚೀಟಿಯ ಹಿಂದೆ ಒಂದು ಹೂಂ ಬರೆದಿಡು. 'ಸುಳ್ಳ' ಅಂತ ಬರೆದರೂ ನಡೆಯುತ್ತದೆ.

ನಿನ್ನ ಅಣ್ಣ, ಪರಶುರಾಮ