ಶುಕ್ರವಾರದ ತಾಲೀಮು

ನನ್ನ ಕಿವಿ ಹಿಂಡುವ ಸಂಪೂರ್ಣ ಅಧಿಕಾರವನ್ನು ಅಲ್ಲಿಯೂ ಕಾಯ್ದಿಟ್ಟುಕೊಂಡಿರುವ ಅಕ್ಕೋರಿಗೆ,

ನಿಮ್ಮ ಗುರುನಾಥನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಅಂದರೆ ಖರೇನೇ ನೆಲಕ್ಕೆ ಬಿದ್ದು. ಈ ಸಲ ನಾಟಕವಲ್ಲ. ಇಲ್ಲಿ ಸಂಘದವರೆಲ್ಲ ಕ್ಷೇಮ, ಒಬ್ಬನನ್ನು ಬಿಟ್ಟು. ಆ ಒಬ್ಬ ಯಾರೆಂದು ನೀವು ಕನ್ನಡಕ ಸರಿಸಿ ನೋಡುವ ಮೊದಲೇ... ಇರಲಿ, ಕ್ರಮವಾಗಿ ಹೇಳುತ್ತೇನೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ನಿಮಗೆ ನೆನಪಿದೆಯೇ? ಸಂದರ್ಶನ ಮುಗಿಸಿ ಬಂದವನು ಮೆಟ್ಟಿಲ ಮೇಲೆ ಉಳಿದ ಉಮೇದುವಾರರ ಮುಂದೆ ನಿಮ್ಮನ್ನೇ ಅಣಕಿಸುತ್ತಿದ್ದೆ. ಅದೇ ಧಾರವಾಡದ ಮೆತ್ತಗಿನ ದನಿ: "ಮಂದಿ ಹೇಳೋದನ್ನ ಕೇಳ್ಲಿಕ್ಕೆ ಬರ್ತದೇನಪಾ ನಿನಗ?" ಹಿಂದೆಯೇ ನೀವು ನಿಂತಿದ್ದಿರಿ. ಕಿವಿ ಹಿಡಿದು ಮತ್ತೆ ಮೇಲಕ್ಕೆ ಕರೆದೊಯ್ದು ನಮ್ಮ ಟೈಪಿಸ್ಟ್ ಇಮಾಮ್ ಕಾಕಾನಿಗೆ ಹೇಳಿದಿರಿ, "ಇವನ್ನ ತಗೊಳ್ಳೋಣ್ರಿ. ಅಣಕಿಸಾವಗ ಕಿವಿ ಛಲೋ ಇರ್ತಾವ. ಹೇಳಿದ್ದನ್ನ ಹೇಳಿಧಾಂಗ ತಂದು ಕೊಡ್ತಾನ." ಕಾಕಾ ಮಶೀನಿನಿಂದ ತಲೆ ಎತ್ತದೆ, "ಬಾಯೀನೂ ಐತಲ್ರಿ ಅಕ್ಕೋರ, ಅದನ್ನೇನ ಮಾಡೂಣು?" ಅಂದರು. ನೀವು ನಕ್ಕುಬಿಟ್ಟಿರಿ. ಆ ಪ್ರಶ್ನೆಗೆ ಅಂದೇ ಉತ್ತರ ಹುಡುಕಬೇಕಿತ್ತು ಅಕ್ಕೋರ.

ಮೊದಲ ಶುಕ್ರವಾರ ನೀವು ತಲೆಗೆ ಟಾವೆಲ್ ಸುತ್ತಿ ಗೌಡರಾಗಿ ಕೂತದ್ದು ಕಣ್ಣಿಗೆ ಕಟ್ಟಿದೆ. ಅಸ್ಪೃಶ್ಯತೆ ಅಪರಾಧವೆಂದು ಕಾಯ್ದೆ ಬಂತಲ್ಲ, ಅದು ಬಾವಿಕಟ್ಟೆಗೂ ಹೋಟೆಲಿಗೂ ಬಂದಿದೆಯೇ ಎಂದು ಊರೂರಲ್ಲಿ ಕೇಳಿ, ಜನರ ಹೇಳಿಕೆ ಬರೆದು ವಕೀಲರಿಗೆ ಕೊಡುವುದೇ ನಮ್ಮ ಸಂಘದ ಕೆಲಸ. ಹೊಸಬರನ್ನು ನೀವು ಸುಮ್ಮನೆ ಹಳ್ಳಿಗೆ ಅಟ್ಟುತ್ತಿರಲಿಲ್ಲ. ಗರಡಿಯಲ್ಲಿ ಪೈಲ್ವಾನರಿಗೆ ಇದ್ದಂತೆ ನಮಗೂ ಪ್ರತಿ ಶುಕ್ರವಾರ ತಾಲೀಮು. ಹೊಸಬರು ಪ್ರಶ್ನೆ ಕೇಳಬೇಕು, ಹಳಬರು ಗೌಡನೋ ಹೋಟೆಲಿನವನೋ ಆಗಿ ಗದರಬೇಕು. "ಅಂಜೋದೆಲ್ಲಾ ಇಲ್ಲೇ ಅಂಜಿ ಮುಗಸ್ರಿ," ಅನ್ನುತ್ತಿದ್ದಿರಿ. ನಿಮ್ಮ ಗೌಡನಿಗೆ ನಾನು ಎಷ್ಟು ಅಂಜಿದೆನೆಂದರೆ ನನ್ನ ಹೆಸರೇ ತಪ್ಪು ಹೇಳಿದೆ.

ಹುಲಿಗೆವ್ವನ ಮನೆಗೆ ನೀವು ಎಡತಾಕುತ್ತಿದ್ದ ದಿನಗಳೂ ನೆನಪಾಗುತ್ತವೆ. ಅವಳಪ್ಪ ಮುನಸಿಪಾಲಿಟಿಯಲ್ಲಿ ಕಸ ಗುಡಿಸುತ್ತ ಮಗಳನ್ನು ಮ್ಯಾಟ್ರಿಕ್ ಮಾಡಿಸಿದವರು. ಅವರಿಗೆ ಆಕೆ ಸಾಲಿ ಮಾಸ್ತರಿಣಿ ಆಗಬೇಕು. ನಿಮಗೆ ಆಕೆ ನಮ್ಮಲ್ಲಿಗೇ ಬರಬೇಕು. "ನಾವೆಲ್ಲಾ ಕೇಳಿ ಬರೀಲಿಕ್ಕತ್ತೇವಿ. ಗೊತ್ತಿದ್ದು ಬರಿಯಾಕಿ ಒಬ್ಬಾಕಿ ಬೇಕು," ಎಂದು ನೀವು ಕಮಿಟಿಯವರೊಡನೆಯೂ ಜಗಳವಾಡಿದಿರಿ. ಕೊನೆಗೆ ಆ ಅಪ್ಪ ಒಪ್ಪಿದರು. ಆಕೆ ಬಂದು ಸೇರುವ ಹೊತ್ತಿಗೆ ನೀವೇ ಈ ಲೋಕದಲ್ಲಿರಲಿಲ್ಲ. ಹೊಸಬರನ್ನು ತಯಾರು ಮಾಡುವ ಭಾರವನ್ನು ಕಮಿಟಿ ಯಾರ ಹೆಗಲಿಗೆ ಹಾಕಿತು ಹೇಳಿ? ನನ್ನ ಹೆಗಲಿಗೆ! ನಾನು ಗಂಟಲು ಸರಿಮಾಡಿಕೊಂಡು ನಿಮ್ಮ ಕುರ್ಚಿಯಲ್ಲಿ ಕೂತೆ.

ಆಕೆಯ ಮೊದಲ ಶುಕ್ರವಾರ. ನಾನು ಹೋಟೆಲ್ ಮಾಲೀಕ. ಧಾರವಾಡ ಕಾಲೇಜಿನಿಂದ ಬಂದ ಇಬ್ಬರು ಹೊಸ ಹುಡುಗರು ನೋಡುತ್ತ ಕೂತಿದ್ದರು. ಆಕೆ ಧೈರ್ಯವಾಗಿಯೇ ಕೇಳಿದಳು, "ನಿಮ್ಮ ಹೋಟೆಲ್‌ನ್ಯಾಗ ಎಲ್ಲಾರಿಗೂ ಒಂದ ಥರದ ಕಪ್ಪು ಬಸಿ ಅದಾವೇನ್ರಿ?" ನಾನು ಹೊಟ್ಟೆ ಮುಂದೆ ಮಾಡಿ ಎದ್ದೆ. "ಯಾರಕಿ ನೀ? ದೂರ ನಿಂತ ಮಾತಾಡು! ನೀರು ಬೇಕೇನು?" ಎಂದು ತಂಬಿಗೆ ಮೇಲೆತ್ತಿದೆ. ಹುಡುಗರು ನಕ್ಕರು. ನಗು ಕೇಳಿದರೆ ನನಗೆ ಏನಾಗುತ್ತದೆಂದು ನಿಮಗೆ ಗೊತ್ತಲ್ಲ... ಎತ್ತರದಿಂದ ನೀರು ಬಿಟ್ಟೆ. ಅಕ್ಕೋರ, ಆಕೆಯ ಕೈಗಳು ತಾವಾಗಿಯೇ ಬೊಗಸೆಯಾದವು. ಆಕೆ ತುಸು ಬಾಗಿದಳು ಕೂಡ. ನಗು ನಿಂತಿತು. ಬೊಗಸೆಯ ನೀರನ್ನು ಆಕೆ ಒಂದು ಗಳಿಗೆ ನೋಡಿ, ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

"ಅಕ್ಕೋರು ಚಪ್ಪಲಿ ಸವಿಸಿ ಕರಕೊಂಡ ಬಂದಾಕಿನ್ನ ನೀ ಒಂದ ತಂಬಿಗಿ ನೀರಿನ್ಯಾಗ ಹೊಳ್ಳಿ ಕಳಿಸಿದೆಲ್ಲೋ ಹುಡುಗಾ," ಅಂದರು ಇಮಾಮ್ ಕಾಕಾ. ಬೈದಿದ್ದರೆ ಸಹಿಸುತ್ತಿದ್ದೆ. ಅವರು ಮೆತ್ತಗೆ ಅಂದರು.

ಆಕೆಯ ಮನೆ ಹುಡುಕಿ ಹೋದೆ. ದಾರಿಯುದ್ದಕ್ಕೂ ಭಾರವಾದ ಮಾತುಗಳನ್ನು ಪೋಣಿಸಿಕೊಂಡಿದ್ದೆ. ಹೊಸ್ತಿಲಲ್ಲೇ ಕೈ ಮುಗಿದು ಒಪ್ಪಿಸಿದೆ. ಹುಲಿಗೆವ್ವ ಪೂರ್ತಿ ಕೇಳಿಸಿಕೊಂಡಳು. "ತಪ್ಪಾತು ಅನ್ನೂದನ್ನೂ ಛಲೋ ಮಾಡ್ತೀರಿ ಗುರುನಾಥಣ್ಣ. ಇದೂ ತಾಲೀಮ ಏನು?" ಮುಗಿದ ಕೈ ಕೆಳಗಿಳಿಸಿದೆ. ಆಕೆಯೇ ಮುಂದುವರಿಸಿದಳು, "ಒಂದ ಮಾತ ಹೇಳ್ರಿ. ನೀರು ಹಾಕೂ ಮುಂದ ಹನಿ ಸಿಡೀಬಾರ್ದಂತ ಕಾಲು ಹಿಂದಕ್ಕ ತಗೊಂಡ್ರೆಲ್ಲ, ಅದು ನೋಡದ ಬರೂದಲ್ಲ. ಎಲ್ಲಿ ನೋಡಿದ್ರಿ?"

ಎಲ್ಲಿ ನೋಡಿದ್ದೆ? ನಮ್ಮ ಸೋದರಮಾವನ ಹೋಟೆಲಿನಲ್ಲಿ. ಕಚೇರಿಯ ಕಿಟಕಿಯಿಂದ ಕೂಗಿದರೆ ಕೇಳಿಸುವ, ಸಂಘಕ್ಕೆ ದಿನಾ ಚಹಾ ಬರುವ ಅದೇ ಹೋಟೆಲು. ಹೊರಗೋಡೆಯ ಗೂಡಿನಲ್ಲಿ ಕೇರಿಯವರಿಗೆಂದೇ ಬೇರೆ ಇಟ್ಟ ಕಿವಿ ಮುರಿದ ಕಪ್ಪುಗಳು ಇವತ್ತಿಗೂ ಇವೆ. ಆ ಚಹಾ ಕುಡಿದುಕೊಂಡೇ ನಾವು ಹಳ್ಳಿಯ ಹೋಟೆಲುಗಳನ್ನು ಶೋಧಿಸಲು ಬಸ್ಸು ಹತ್ತುತ್ತಿದ್ದೆವು. ನೀವು "ಇವತ್ತ ಚಹಾ ಭಾಳ ಛಲೋ ಆಗೇದ" ಅಂದಾಗಲೆಲ್ಲ ನಾನು ಮಾವನ ಪರವಾಗಿ ಹೆಮ್ಮೆಪಡುತ್ತಿದ್ದೆನಲ್ಲ, ಆ ಗೂಡು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲವೇ? ಅಥವಾ...

ಎಲ್ಲವನ್ನೂ ಆಕೆಗೆ ಹೇಳಿದೆ. "ಹಂಗಾರ ಇದನ್ನ ಬರಕೋತೇನಿ," ಅಂದಳು ಹುಲಿಗೆವ್ವ. "ಹೇಳಿಕಿ ಯಾವಾಗ್ಲೂ ಬೊಗಸಿ ಹಿಡದಾವ್ರದ್ದ ಯಾಕಿರಬೇಕು? ಹಾಕೂದನ್ನ ನೋಡಿದಾವ್ರದ್ದೂ ಇರ್ಲಿ." ಬರೆದು, ನೀವು ಕಲಿಸಿದ ಪದ್ಧತಿಯಂತೆ ಓದಿ ಹೇಳಿದಳು. "ನಿಮ್ಮ ಮಾತ ಹೌದಲ್ರಿ?" ಹೌದು ಅಂದೆ. ಸಹಿ ಹಾಕುವಾಗ ಅವ್ವನ ಮುಖ ಕಣ್ಣ ಮುಂದೆ ಬಂತು.

ವಕೀಲರ ನೋಟೀಸು ಮುಟ್ಟಿದ ದಿನ ಮಾವ ಮೆಟ್ಟಿಲು ನಡುಗಿಸುತ್ತ ಬಂದರು. "ನನ್ನ ಉಪ್ಪು ತಿಂದು ನನ್ನ ಮ್ಯಾಲ ಬರಸ್ತೀ ಏನಲೇ? ಕರಿ ನಿಮ್ಮ ಸಾಹೇಬನ್ನ!" ಕೆಲಸಕ್ಕೆ ಮರಳಿದ್ದ ಹುಲಿಗೆವ್ವ ಎದ್ದು ಕುರ್ಚಿ ಎಳೆದಳು. "ಕೂಡ್ರಿ ಕಾಕಾ. ನಿಮ್ಮ ಮಾತೂ ಬೇಕು ನಮಗ." ಮಾವ ಕೂಡಲಿಲ್ಲ. "ಗೂಡಿನ್ಯಾಗ ಕಪ್ಪು ನಾ ಒಬ್ಬಾವ ಇಟ್ಟೇನೇನು? ಓಣಿ ತುಂಬ ಹಂಗ ಐತಿ!" ಆಕೆ ಪೆನ್ನಿನ ಟೋಪಿ ತೆಗೆದು ತಣ್ಣಗೆ ಕೇಳಿದಳು, "ಓಣ್ಯಾಗ ಯಾರ್ಯಾರ್ರಿ?" ಅಕ್ಕೋರ, ಮಾವ ಸಿಟ್ಟಿನ ಭರದಲ್ಲಿ ಒಂದೊಂದಾಗಿ ಹೇಳುತ್ತ ಹೋದರು. ನೀವಿದ್ದಿದ್ದರೆ ನಗು ತಡೆಯಲು ಸೆರಗು ಕಚ್ಚಿಕೊಳ್ಳುತ್ತಿದ್ದಿರಿ. ನನಗೆ ಮಾತ್ರ ನಗು ಬರಲಿಲ್ಲ.

ಅವ್ವ ಈಗ ನನಗೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ಹುಲಿಗೆವ್ವ ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ, ಕೇಳುವ ಧೈರ್ಯವಿಲ್ಲ. ಹೊಸಬರನ್ನು ಆರಿಸಿ ಕಲಿಸುವ ಕೆಲಸವನ್ನು ಆಕೆಗೇ ಕೊಡಿರೆಂದು ಕಮಿಟಿಗೆ ನಾನೇ ಹೇಳಿದೆ, ಕೊಟ್ಟಿದ್ದಾರೆ. ಆಕೆ ಯಾರ ಹತ್ತಿರವೂ ನಟನೆ ಮಾಡಿಸುವುದಿಲ್ಲ. ಬಂದವರನ್ನು ಎದುರಿಗೆ ಕೂಡಿಸಿ ಒಂದೇ ಪ್ರಶ್ನೆ ಕೇಳುತ್ತಾಳೆ: "ನಿಮ್ಮ ಮನ್ಯಾಗ ಆ ಬ್ಯಾರೆ ಕಪ್ಪು ಎಲ್ಲಿ ಇಡ್ತೀರಿ?"

ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲವೆಂದು ಬಹಳ ಮಂದಿ ಎದ್ದು ಹೋದರು. ಮೊನ್ನೆ ಒಬ್ಬ ಉಮೇದುವಾರ ಎದ್ದು ಬಾಗಿಲ ತನಕ ಹೋಗಿ ತಿರುಗಿ ಬಂದು ಕೂತ. ಆಮೇಲೆ, "ಬಚ್ಚಲದಾಗ್ರಿ, ಬೂದಿ ಡಬ್ಬಿ ಹಿಂದ," ಅಂದ.

ಅವನನ್ನು ತೆಗೆದುಕೊಂಡಿದ್ದೇವೆ.

ನಿಮ್ಮ
ಗುರುನಾಥ